ಫ್ಲಕ್ಸಸ್ ಪಂಥದ ಜೀವಂತಿಕೆ: ಅಂಚೆಯಿಂದ ಅಂತರ್ಜಾಲದವರೆಗೆ

ಅಗ್ರಗಾಮಿ ಕಲಾಪಂಥಗಳು ಅಲ್ಪಾಯುಗಳೆಂಬುದು ಸಾಮಾನ್ಯವಾದ ಅಭಿಪ್ರಾಯ. ಪ್ರವರ್ತಕರು ಚದುರಿದೊಡನೆ ಪಂಥವೂ ಮುಗಿಯಿತೆಂದು ಚರಿತ್ರಕಾರರು ಬರೆದುಬಿಡುತ್ತಾರೆ. ಈಗ ಪರಸ್ಪರ ಅಪರಿಚಿತರಾದ ಜನರು ಅಂತರ್ಜಾಲದಲ್ಲಿ ಕೂಡಿ ಅಂಥ ಪಂಥವೊಂದನ್ನು ಮುಂದುವರಿಸುತ್ತಿದ್ದೇವೆಂದರೆ, ಆ ಮಾತನ್ನು ನಾವು ಎಷ್ಟರಮಟ್ಟಿಗೆ ಒಪ್ಪಬಹುದು? ಫ್ಲಕ್ಸಸ್ ಪಂಥದ ಇತಿಹಾಸವು ಈ ಪ್ರಶ್ನೆಗೆ ತಕ್ಕ ಒರೆಗಲ್ಲಾಗಿದೆ.

ಲಿಥುವೇನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಜಾರ್ಜ್ ಮಚ್ಯೂನಸ್ ಅವರು 1962ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಜರ್ಮನಿಯ ವೀಸ್‌ಬಾಡೆನ್ ನಗರದಲ್ಲಿ ನಡೆಸಿದ ಸಂಗೀತೋತ್ಸವದಿಂದ ಈ ಪಂಥವು ಬೆಳಕಿಗೆ ಬಂದಿತು. ಇದರ ವಿಶಿಷ್ಟ ರಚನೆಗಳು ಚಿತ್ರವೂ ಅಲ್ಲ, ಶಿಲ್ಪವೂ ಅಲ್ಲ. ಕೆಲವೇ ಸಾಲುಗಳ ಸೂಚನೆಗಳು. ಜಾರ್ಜ್ ಬ್ರೆಕ್ಟ್ ಅವರ ‘ವಾಟರ್ ಯಾಮ್’ (1963) ಇಂಥ ಸೂಚನೆಗಳನ್ನು ಅಚ್ಚುಮಾಡಿದ ಕಾರ್ಡುಗಳ ಪೆಟ್ಟಿಗೆ. ಓದಿದವನು ಮಾಡಿದಾಗ ಕೃತಿ ಪೂರ್ಣ. ಹೇಗೆ ಮಾಡಬೇಕೆಂಬುದು ಅವನಿಗೇ ಬಿಟ್ಟದ್ದು.

ಇಂಥ ರಚನೆಗೆ ರಂಗಮಂದಿರ ಬೇಡ, ಅಂಚೆಯ ಲಕೋಟೆ ಸಾಕು. ಜಪಾನಿನ ಮಿಯೆಕೊ ಶಿಯೋಮಿ ಅವರು 1965ರಿಂದ 1975ರವರೆಗೆ ನಡೆಸಿದ ‘ಸ್ಪೇಷಿಯಲ್ ಪೊಯೆಮ್’ ಸರಣಿಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅವರು ಒಂಬತ್ತು ಬಾರಿ ಹಲವು ದೇಶಗಳ ಜನರಿಗೆ ಅಂಚೆಯಲ್ಲಿ ಸೂಚನೆ ಕಳುಹಿಸಿದರು. ಮೊದಲನೆಯ ಸಲ ಪ್ರತಿಯೊಬ್ಬರೂ ಒಂದು ಪದವನ್ನು ಬರೆದು, ಎಲ್ಲಿಯಾದರೂ ಇಟ್ಟು, ಅದರ ವಿವರವನ್ನು ತಿಳಿಸಬೇಕಾಗಿತ್ತು. ಬಂದ ಉತ್ತರಗಳನ್ನು ಪುಟ್ಟ ಧ್ವಜಗಳ ಮೇಲೆ ಅಚ್ಚುಮಾಡಿ ಭೂಪಟಕ್ಕೆ ಚುಚ್ಚಲಾಯಿತು. ಉತ್ತರ ಬಾರದಿದ್ದರೆ ಕೃತಿಯೇ ಇಲ್ಲ. ಫ್ರಾನ್ಸಿನ ರೊಬೇರ್ ಫಿಲ್ಯು ಅವರು ಇಂಥ ಸಂಬಂಧಗಳನ್ನು ಶಾಶ್ವತ ಜಾಲವೆಂದು ಕರೆದದ್ದು ಅಂತರ್ಜಾಲವು ಜನಸಾಮಾನ್ಯರ ಕೈಸೇರುವುದಕ್ಕೆ ಎಷ್ಟೋ ಮುಂಚೆ.

1978ರಲ್ಲಿ ಮಚ್ಯೂನಸ್ ತೀರಿಕೊಂಡಾಗ ಫ್ಲಕ್ಸಸ್ ಕೊನೆಗೊಂಡಿತೆಂದು ಕೆಲವರು ಭಾವಿಸಿದರು. ಡಿಕ್ ಹಿಗಿನ್ಸ್ ಮೊದಲಾದ ಸಂಗಡಿಗರು ಒಪ್ಪಲಿಲ್ಲ. 2008ರಲ್ಲಿ ಸಿಲ್ವರ್‌ಮನ್ ದಂಪತಿಗಳ ಬೃಹತ್ ಫ್ಲಕ್ಸಸ್ ಸಂಗ್ರಹವು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವನ್ನು ಸೇರಿತು. ಕೈಯಾರೆ ತೆರೆದು ನೋಡಲೆಂದು ಅಗ್ಗವಾಗಿ ಮಾಡಿದ ಪೆಟ್ಟಿಗೆಗಳು ಈಗ ಕಾಪಾಡಿಡಬೇಕಾದ ಅಮೂಲ್ಯ ವಸ್ತುಗಳು! ಸಂರಕ್ಷಣೆ ಅವಶ್ಯವೇ ಸರಿ, ಅದು ಜೀವಂತಿಕೆಯಲ್ಲ.

ಅಂತರ್ಜಾಲದಲ್ಲಿಯೂ ಈ ಭೇದ ಉಂಟು. ಕೆನೆತ್ ಗೋಲ್ಡ್‌ಸ್ಮಿತ್ ಅವರು 1996ರಲ್ಲಿ ಆರಂಭಿಸಿದ ಉಬುವೆಬ್, ಅಗ್ರಗಾಮಿ ಕಲೆಯ ಧ್ವನಿಮುದ್ರಣ, ಚಲಚ್ಚಿತ್ರಗಳ ಅಪೂರ್ವ ಭಂಡಾರ. ನ್ಯೂಯಾರ್ಕನ್ನು ಎಂದೂ ಕಾಣದ ವಿದ್ಯಾರ್ಥಿಗೂ ಅದರಿಂದ ಮಹದುಪಕಾರವಾಗಿದೆ. ಆದರೂ, ಸ್ವರಲಿಪಿಯ ಪುಸ್ತಕ ಮನೆಯಲ್ಲಿದ್ದ ಮಾತ್ರಕ್ಕೆ ಕೀರ್ತನೆ ಉಳಿದಂತಾಗುವುದಿಲ್ಲವಷ್ಟೆ. ಸೂಚನೆಯನ್ನು ಆಚರಿಸಿ, ಆಚರಿಸಿದ್ದನ್ನು ಮರಳಿ ತಿಳಿಸಿ, ಹೊಸ ಸೂಚನೆಗಳನ್ನು ಕಳುಹಿಸುವ ಬಳಗದಲ್ಲಿ ಮಾತ್ರ ಫ್ಲಕ್ಸಸ್ ನಡೆಯುತ್ತಿದೆಯೆಂದು ನಾವು ಹೇಳಬಲ್ಲೆವು. ಅಂಚೆಯಲ್ಲಿ ಉತ್ತರಿಸದವನು ಹೊರಗೇ ಉಳಿಯುತ್ತಿದ್ದನು. ಅಂತರ್ಜಾಲದಲ್ಲಿ ಸುಮ್ಮನೆ ನೋಡಿ ಹೋದವನೂ ಸದಸ್ಯನೆಂದು ಎಣಿಸಲ್ಪಡುತ್ತಾನೆ.

ಈ ಮಾತು ಎಲ್ಲ ಪಂಥಗಳಿಗೂ ಅನ್ವಯಿಸದು. ಜಪಾನಿನ ಗುಟಾಯ್ ಪಂಥದ ಕಜುವೊ ಶಿರಗಾ ಹಗ್ಗ ಹಿಡಿದು ತೂಗುತ್ತ ಪಾದಗಳಿಂದಲೇ ಬಣ್ಣ ಬಳಿಯುತ್ತಿದ್ದರು; ಅದನ್ನು ಲಕೋಟೆಯಲ್ಲಿಟ್ಟು ಕಳುಹಿಸುವಂತಿಲ್ಲ. 1972ರಲ್ಲಿ ನಾಯಕರಾದ ಜಿರೊ ಯೋಶಿಹಾರಾ ನಿಧನರಾದರು. ಅದೇ ವರ್ಷ ಗುಟಾಯ್ ವಿಸರ್ಜನೆಗೊಂಡಿತು.