ಮೊದಲು ಕೆಲಸ, ಆಮೇಲೆ ಕೋರ್ಸ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕಲಬುರಗಿ ಜಿಲ್ಲೆಯ ಐನಾಪುರದಂಥ ಊರುಗಳಲ್ಲಿ ಒಂದೇ ಲೆಕ್ಕ ನಡೆಯುತ್ತದೆ. ಅಂಕ ಹೆಚ್ಚು ಬಂದರೆ ಸೈನ್ಸ್, ಸಾಧಾರಣ ಬಂದರೆ ಕಾಮರ್ಸ್, ಕಡಿಮೆ ಬಂದರೆ ಆರ್ಟ್ಸ್ ಇಲ್ಲವೇ ಐಟಿಐ. ಈ ಲೆಕ್ಕದಲ್ಲಿ ಕೆಲಸದ ಹೆಸರೇ ಇರುವುದಿಲ್ಲ. ಡಿಗ್ರಿ ಮುಗಿದ ಮೇಲೆ ‘ಮುಂದೇನ್ರಿ?’ ಎಂದು ಕೇಳುವ ಪ್ರಶ್ನೆಯನ್ನು ಹತ್ತನೇ ತರಗತಿಯಲ್ಲೇ ಕೇಳಿದರೆ ಅರ್ಧ ತೊಡಕು ಬಿಡಿಸಿದಂತೆ. ಯಾವ ಕೆಲಸ ಎಂದು ಗೊತ್ತಾದರೆ ಅದಕ್ಕೆ ಯಾವ ಓದು, ಎಷ್ಟು ವರ್ಷ, ಎಷ್ಟು ಖರ್ಚು ಎಂಬುದು ತಾನಾಗಿ ತಿಳಿಯುತ್ತದೆ.

ನಮ್ಮ ಸುತ್ತಲನ್ನೇ ನೋಡಿ. ವಾಡಿ, ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ನೆಲದಡಿ ಸುಣ್ಣದ ಕಲ್ಲಿದೆ, ಅದರ ಮೇಲೆ ಸಿಮೆಂಟ್ ಕಾರ್ಖಾನೆಗಳಿವೆ. ಹಳ್ಳಿಯ ಹುಡುಗರಿಗೆ ಪರಿಚಯವಿರುವುದು ಗುತ್ತಿಗೆದಾರರ ಕೈಕೆಳಗಿನ ಪ್ಯಾಕಿಂಗ್, ಲೋಡಿಂಗ್ ಕೂಲಿ ಮಾತ್ರ. ಒಳಗೆ ಬೇರೆಯೇ ಲೋಕವಿದೆ. ಗಣಿಯಿಂದ ಬಂದ ಕಲ್ಲನ್ನು ಒಡೆದು, ಅರೆದು, ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದ ಕಿಲ್ನ್‌ನಲ್ಲಿ ಸುಟ್ಟರೆ ಕ್ಲಿಂಕರ್ ಆಗುತ್ತದೆ. ಅದಕ್ಕೆ ಜಿಪ್ಸಂ ಬೆರೆಸಿ ಅರೆದರೆ ಸಿಮೆಂಟ್. ಆ ಕಿಲ್ನ್‌ನ ಶಾಖ, ಕಲ್ಲಿದ್ದಲು, ಗಾಳಿಯನ್ನು ಕಂಟ್ರೋಲ್ ರೂಮಿನ ಪರದೆ ಮೇಲೆ ನೋಡಿಕೊಳ್ಳಲು ಆಪರೇಟರ್ ಬೇಕು. ಪಾಳಿಯುದ್ದಕ್ಕೂ ಮಾದರಿ ಪರೀಕ್ಷಿಸಲು ಬಿಎಸ್ಸಿ ಕೆಮಿಸ್ಟ್ರಿ ಓದಿದ ಕೆಮಿಸ್ಟ್ ಬೇಕು. ಬೇರಿಂಗ್ ಬದಲಿಸಲು ಫಿಟ್ಟರ್, ಮೋಟರಿಗೆ ಎಲೆಕ್ಟ್ರೀಷಿಯನ್, ಸೆನ್ಸರುಗಳಿಗೆ ಇನ್‌ಸ್ಟ್ರುಮೆಂಟೇಶನ್ ಟೆಕ್ನಿಷಿಯನ್ ಬೇಕು. ಗಣಿಯಲ್ಲಿ ಮೇಟ್, ಬ್ಲಾಸ್ಟರ್, ಫೋರ್‌ಮನ್ ಆಗಲು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಸರ್ಟಿಫಿಕೇಟ್ ಇರಬೇಕು. ಮೈನಿಂಗ್ ಡಿಪ್ಲೊಮಾ ಕೆಜಿಎಫ್‌ನ ಊರಿಗಾಂನಲ್ಲಿದೆ. ಗಣಿಯ ಮಗ್ಗುಲಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಆ ಕೋರ್ಸಿನ ಹೆಸರು ಗೊತ್ತಿರದಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಐಟಿಐ ಎಂದರೆ ಸೋತವರ ಜಾಗ ಎಂಬ ಮಾತು ಬಿಡಬೇಕು. ಎರಡು ವರ್ಷದ ಐಟಿಐ ಮುಗಿಸಿದವರು ಸಂಬಂಧಪಟ್ಟ ವಿಭಾಗದ ಡಿಪ್ಲೊಮಾಕ್ಕೆ ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಮನೆಯಲ್ಲಿ ದುಡ್ಡಿನ ಅಡಚಣೆ ಇದ್ದರೆ ನಡುವೆ ನಿಂತು ದುಡಿದು, ಮತ್ತೆ ಓದಲು ಈ ದಾರಿಯಲ್ಲಿ ಅವಕಾಶವಿದೆ. ಪಿಯುಸಿ ಅರ್ಧಕ್ಕೆ ಬಿಟ್ಟವರಿಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಐಟಿಐ ಮುಗಿದೊಡನೆ ಅಪ್ರೆಂಟಿಸ್‌ಶಿಪ್ ಮಾಡುವುದು ಅಗತ್ಯ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಸಿಗುತ್ತದೆ, ಕೊನೆಗೆ ಪರೀಕ್ಷೆ ಪಾಸಾದರೆ ದೇಶದಲ್ಲೆಲ್ಲ ನಡೆಯುವ ಸರ್ಟಿಫಿಕೇಟೂ ಸಿಗುತ್ತದೆ.

ಆದರೆ ಒಂದು ಕಾರ್ಖಾನೆಯನ್ನೇ ನೆಚ್ಚಿಕೊಂಡು ಜೀವನ ಕಟ್ಟಬಾರದು. ಶಹಾಬಾದಿನಲ್ಲಿ ಒಂದು ಕಾಲಕ್ಕೆ ಊರನ್ನೇ ಸಾಕಿದ ಸಿಮೆಂಟ್ ಕಾರ್ಖಾನೆ ಮುಚ್ಚಿಹೋಯಿತು. ಫಿಟ್ಟರ್, ವೆಲ್ಡರ್ ಕಸುಬು ಕೈಯಲ್ಲಿದ್ದವರಿಗೆ ಬೇರೆ ಊರಲ್ಲೂ ಕೆಲಸವಿರುತ್ತದೆ. ಲೋಡಿಂಗ್ ಒಂದನ್ನೇ ಬಲ್ಲವರಿಗೆ ಆ ಬಲವಿಲ್ಲ.

ಸರ್ಕಾರಿ ನೌಕರಿಯ ಕಡೆ ನೋಡುವವರಿಗೆ ನಮ್ಮ ಭಾಗದ ದೊಡ್ಡ ಆಸರೆ ಸಂವಿಧಾನದ 371 ಜೆ ವಿಧಿ. ಇದರಡಿ ಕಲ್ಯಾಣ ಕರ್ನಾಟಕದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಗ್ರೂಪ್ ಡಿಯಲ್ಲಿ ಶೇ 85 ಸ್ಥಳೀಯರಿಗೆ. ಈ ಭಾಗದ ಕಾಲೇಜುಗಳ ಸೀಟುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಮೀಸಲು. ಖಾಸಗಿ ಕಾರ್ಖಾನೆಗೂ ರೈಲ್ವೆಗೂ ಇದು ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ. ಅರ್ಹತಾ ಪತ್ರ ಕೊಡುವವರು ಸಹಾಯಕ ಆಯುಕ್ತರು. ಚಿಂಚೋಳಿ, ಚಿತ್ತಾಪುರದವರಿಗೂ ಆ ಕಚೇರಿ ಸೇಡಂನಲ್ಲಿದೆ.

ರೈಲ್ವೆ ನೌಕರಿಯ ವಿಷಯದಲ್ಲಿ ಬಹಳ ಮಂದಿ ಎಡವುವುದು ನೇಮಕಾತಿ ಬೋರ್ಡಿನ ಆಯ್ಕೆಯಲ್ಲಿ. ವಾಡಿ, ಶಹಾಬಾದ್ ನಿಲ್ದಾಣಗಳು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ ಸೇರಿದವು. ಚಿತ್ತಾಪುರ, ಸೇಡಂ ದಕ್ಷಿಣ ಮಧ್ಯ ರೈಲ್ವೆಗೆ. ಹಾಗಾಗಿ ಮನೆಗೆ ಹತ್ತಿರದ ಹುದ್ದೆಗಳು ಬೆಂಗಳೂರು ಬೋರ್ಡಿನಲ್ಲಿ ಬರುವುದಿಲ್ಲ, ಮುಂಬೈ ಮತ್ತು ಸಿಕಂದರಾಬಾದ್ ಬೋರ್ಡುಗಳಲ್ಲಿ ಬರುತ್ತವೆ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಅಸಿಸ್ಟೆಂಟ್ ಲೋಕೊ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆ ನಿಗದಿತ ಟ್ರೇಡಿನ ಐಟಿಐ ಇದ್ದರೆ ಅರ್ಜಿ ಹಾಕಬಹುದು. ಇನ್ನು ಹೊಲ ಇರುವ ಮನೆಯ ಮಕ್ಕಳು ಬಿಎಸ್ಸಿ ಅಗ್ರಿಯನ್ನು ಮರೆಯಬಾರದು. ಅದಕ್ಕೆ ಸಿಇಟಿಯಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ, ಪ್ರಾಯೋಗಿಕ ಪರೀಕ್ಷೆ ಇವೆ. ತೊಗರಿ ಹೊಲದಲ್ಲಿ ಬೆಳೆದವರಿಗೆ ಕಾಳು, ಕಳೆ, ಕೀಟ ಗುರುತಿಸುವುದು ಕಷ್ಟವಲ್ಲ.

ಇಷ್ಟೆಲ್ಲ ಯೋಜನೆ ಕೆಡುವುದು ಹೆಚ್ಚಾಗಿ ಕಾಗದಪತ್ರದಲ್ಲಿ. ಸಿಇಟಿಯಲ್ಲಿ ಶೇ 15 ಗ್ರಾಮೀಣ, ಶೇ 5 ಕನ್ನಡ ಮಾಧ್ಯಮ ಮೀಸಲಾತಿ ಪಡೆಯಲು ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗದ ದಾಖಲೆ ಬೇಕು. ಜಾತಿ–ಆದಾಯ ಪತ್ರ, 371 ಜೆ ಪತ್ರಗಳನ್ನು ಒಂಬತ್ತನೇ ತರಗತಿ ಮುಗಿದ ಬೇಸಿಗೆ ರಜೆಯಲ್ಲೇ ಮಾಡಿಸಿಡಿ. ಆಧಾರಿನಲ್ಲಿರುವ ಹೆಸರು, ಇನಿಷಿಯಲ್, ಹುಟ್ಟಿದ ದಿನ ಶಾಲೆಯ ದಾಖಲೆಗೆ ಹೊಂದುತ್ತವೆಯೇ ನೋಡಿ. ವ್ಯತ್ಯಾಸವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೋಂದಣಿ ಆಗುವ ಮೊದಲೇ ಮುಖ್ಯೋಪಾಧ್ಯಾಯರ ಬಳಿ ಹೋಗಿ ಸರಿಪಡಿಸಿಕೊಳ್ಳಿ.