ಬೇಸಿಗೆಯಲ್ಲಿ ಮಲಪ್ರಭೆಯ ಮೀನುಗಳು

ಕಳೆದ ಚೈತ್ರಮಾಸದಲ್ಲಿ, ಅಮೇರಿಕೆಯಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ನನಗೆ ಒಂದು ದೀರ್ಘವಾದ ಪತ್ರವು ಬಂದಿತು. ಹಿಂದಿನ ಬೇಸಿಗೆಯ ಸೂಟಿಯಲ್ಲಿ ಅವನು ಗೆಳೆಯರ ಸಂಗಡ ಅಲಾಸ್ಕಾ ಪ್ರಾಂತದ ಸಮುದ್ರತೀರದ ಒಂದು ವಸತಿಗೃಹದಲ್ಲಿ ಒಂದು ವಾರ ಇಳಿದುಕೊಂಡಿದ್ದನಂತೆ. ಆ ಮನೆಗೆ ಬರುವವರೆಲ್ಲರೂ ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸದವರು. ಈ ತಿಂಗಳಲ್ಲಿ ಯಾವ ಮೀನು ಬರುವದು, ಈ ಹೊತ್ತು ನೀರು ಹೇಗಿದೆ, ಗಾಳಿಯು ಯಾವ ಕಡೆಯದು ಎಂಬದನ್ನು ಅಲ್ಲಿಯ ಯಜಮಾನನು ಬೆಳಗಿನ ಉಪಾಹಾರಕ್ಕೆ ಮುಂಚೆಯೇ ಎಲ್ಲರಿಗೂ ತಿಳಿಸುವನಂತೆ; ನಮ್ಮಲ್ಲಿ ಶಾಸ್ತ್ರಿಗಳು ಮನೆಮನೆಗೆ ಬಂದು ಪಂಚಾಂಗವನ್ನು ಹೇಳುತ್ತಿದ್ದಂತೆ!

ಪತ್ರದ ಕೊನೆಗೆ ಅವನು ಒಂದು ಪ್ರಶ್ನೆಯನ್ನು ಕೇಳಿದ್ದನು: “ಗುರುಗಳೇ, ನಮ್ಮ ಊರ ಮಡುವಿನಲ್ಲಿ ಈಗ ಮೀನುಗಳಿವೆಯೇ?”

ಇದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆನು. ಅದರ ಕಾರಣವನ್ನು ಮುಂದೆ ಹೇಳುವೆನು. ಅವನಿಗೆ ಉತ್ತರ ಬರೆಯುವ ಸಲುವಾಗಿ ಕೇಳಿ, ಓದಿ, ಕಣ್ಣಾರೆ ನೋಡಿ ಕೂಡಿಸಿದ ಸಂಗತಿಗಳನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತೇನೆ.

ಮೊದಲು ಅವನು ಕಂಡ ಮೀನುಗಳ ವಿಚಾರ. ಸಾಲ್ಮನ್ ಎಂಬ ಮೀನು ಹೊಳೆಯಲ್ಲಿ ಹುಟ್ಟಿ, ಸಮುದ್ರವನ್ನು ಸೇರಿ ದೊಡ್ಡದಾಗಿ, ಕೆಲವು ವರ್ಷಗಳ ತರುವಾಯ ತಾನು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ತಿರುಗಿ ಬರುವದು. ಕಿಂಗ್ ಎಂಬ ಜಾತಿಯು ಬೇಸಿಗೆಯ ಮೊದಲಿಗೆ, ಸಾಕೈ ಎಂಬದು ಜೂನ್–ಜುಲೈ ತಿಂಗಳಲ್ಲಿ, ಕೋಹೋ ಎಂಬದು ಆಗಸ್ಟ್‌ದ ಸುಮಾರಿಗೆ, ಹೀಗೆ ಒಂದೊಂದು ಜಾತಿಯು ತನ್ನ ತಿಥಿಯನ್ನು ತಪ್ಪದೆ ಪ್ರವಾಹಕ್ಕೆ ಎದುರಾಗಿ ಏರುವದು. ಮೇಲೆ ಹೋಗಿ ತತ್ತಿಯಿಟ್ಟು ಅಲ್ಲಿಯೇ ದೇಹವನ್ನು ಬಿಡುವದು. ಹ್ಯಾಲಿಬಟ್ ಎಂಬ ಇನ್ನೊಂದು ಮೀನು ಹಾಸುಗಲ್ಲಿನಂತೆ ಚಪ್ಪಟೆಯಾಗಿ ಸಮುದ್ರದ ತಳದಲ್ಲಿ ಮಲಗಿರುವದು. ಮರಿಯಾಗಿರುವಾಗ ಅದಕ್ಕೆ ಎಡಬಲಕ್ಕೆ ಒಂದೊಂದು ಕಣ್ಣು. ಬೆಳೆಯುತ್ತ ಎಡಗಣ್ಣು ಸರಿದು ಬಲಗಡೆಗೆ ಬಂದುಬಿಡುವದು. ಚಳಿಗಾಲದಲ್ಲಿ ಅದು ಆಳಕ್ಕಿಳಿದು ತತ್ತಿಯಿಟ್ಟು, ಬೇಸಿಗೆಯಲ್ಲಿ ಆಹಾರಕ್ಕಾಗಿ ದಂಡೆಯ ಕಡೆಗೆ ಬರುವದು.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆಯೇ. ಅಲಾಸ್ಕಾದ ಕೆಲವು ಹೊಳೆಗಳ ದಂಡೆಯ ಮೇಲೆ ಎತ್ತರವಾದ ಅಟ್ಟಗಳನ್ನು ಕಟ್ಟಿರುವರು. ಅವುಗಳ ಮೇಲೆ ಸರಕಾರದ ಜನರು ಕುಳಿತು, ಮೇಲಕ್ಕೆ ಹೋಗುವ ಸಾಲ್ಮನ್‌ಗಳನ್ನು ಎಣಿಸುವರು. ವಂಶವು ಉಳಿಯುವದಕ್ಕೆ ಸಾಕಾಗುವಷ್ಟು ಮೀನುಗಳು ದಾಟಿಹೋಗುವವೆಂದು ಕಂಡರೆ ಮಾತ್ರ ಬಲೆ ಬೀಸಲು ಅಪ್ಪಣೆಯಾಗುವದು. ಇಲ್ಲವಾದರೆ ಹಿಡಿಯುವದು ಬಂದ್. ಮೊದಲಿನ ಪಾಲು ಹೊಳೆಗೆ, ಉಳಿದದ್ದು ಮನುಷ್ಯನಿಗೆ! ಈ ಪ್ರಾಂತವು ೧೯೫೯ರಲ್ಲಿ ಸಂಯುಕ್ತ ಸಂಸ್ಥಾನಗಳಲ್ಲಿ ಸೇರಿದಾಗ ಅದರ ರಾಜ್ಯಘಟನೆಯಲ್ಲಿಯೇ ಈ ತತ್ತ್ವವನ್ನು ಬರೆದಿಟ್ಟಿರುವರು.

ಇನ್ನು ನಮ್ಮ ಹೊಳೆಗೆ ಬರೋಣ. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ದಟ್ಟವಾದ ಮಳೆಯ ಸೀಮೆಯಲ್ಲಿ ಹುಟ್ಟಿ, ಕಿತ್ತೂರಿಗೆ ಸಮೀಪವಾದ ಎಂ. ಕೆ. ಹುಬ್ಬಳ್ಳಿಯನ್ನು ಹಾಯ್ದು, ಬೈಲಹೊಂಗಲದ ಕರಿನೆಲದ ಹೊಲಗಳಿಗೆ ನೆರೆಯಾಗಿ ಹರಿದು, ಸವದತ್ತಿಯ ಹತ್ತರ ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿಕೊಂಡು ಹೊರಬೀಳುವಳು. ಅಲ್ಲಿಂದ ಮುನವಳ್ಳಿ, ರಾಮದುರ್ಗಗಳ ಮೇಲೆ ಹಾಯ್ದು, ಒಟ್ಟು ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ನಡೆದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವಳು. ನವಿಲುತೀರ್ಥದ ಆ ಇಕ್ಕಟ್ಟಾದ ಬಾಯಿಗೆ ಕಟ್ಟಿದ ಅಣೆಕಟ್ಟು ೧೯೭೨ರಲ್ಲಿ ಮುಗಿಯಿತು. ಆಗ ನಾನು ಎಂಟು ವರ್ಷದ ಬಾಲಕನು. ಅದರ ಹಿಂದೆ ನಿಂತ ನೀರಿಗೆ, ಗುಡ್ಡದ ಮೇಲಿನ ತಾಯಿಯ ಹೆಸರಿನಿಂದ, ರೇಣುಕಾಸಾಗರವೆಂದು ಕರೆದರು.

ಬೇಸಿಗೆಯಲ್ಲಿ ಈ ನೀರಿನ ಸ್ಥಿತಿಯೇನು? ಕಾಲುವೆಗಳಿಗೂ, ಹುಬ್ಬಳ್ಳಿ–ಧಾರವಾಡದ ನಲ್ಲಿಗಳಿಗೂ ನೀರನ್ನು ಕೊಟ್ಟು ಕೊಟ್ಟು, ವೈಶಾಖದ ಹೊತ್ತಿಗೆ ಸಾಗರವು ಕುಗ್ಗಿ ಕೆಸರಿನ ಅಂಚು ಬಿಡುವದು. ಕೆಳಗೆ ರಾಮದುರ್ಗದ ಕಡೆಗೆ ಹೊಳೆಯು ಹರಿಯುವದನ್ನೇ ಬಿಟ್ಟು, ಅಲ್ಲಲ್ಲಿ ಮಡುಗಳಾಗಿ ಮಾತ್ರ ಉಳಿಯುವದು. ನೀರು ಕಾದಂತೆ ಅದರಲ್ಲಿ ಕರಗಿರುವ ಪ್ರಾಣವಾಯುವು ಕಡಿಮೆಯಾಗುವದು: ೨೦ ಅಂಶ ಉಷ್ಣತೆಯ ಒಂದು ಲೀಟರ್ ನೀರು ಸುಮಾರು ೯ ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದುಕೊಳ್ಳಬಲ್ಲದಾದರೆ, ೩೦ ಅಂಶದಲ್ಲಿ ಅದು ಏಳೂವರೆಗೆ ಇಳಿಯುವದು. ಆದ್ದರಿಂದ ಮೀನುಗಳು ಮಧ್ಯಾಹ್ನದಲ್ಲಿ ನೆರಳನ್ನೂ ಆಳವನ್ನೂ ಹುಡುಕಿ ಅಲುಗಾಡದೆ ನಿಲ್ಲುವವು. ನಸುಕಿನಲ್ಲಿ ಬಾಯಿ ತೆರೆದು ಮೇಲಕ್ಕೆ ಬರುವವು. ಹಾವಿನ ತಲೆಯಂಥ ತಲೆಯುಳ್ಳ ಕೊರವ ಮೀನು ಹೊರಗಿನ ಗಾಳಿಯನ್ನೇ ಗುಟುಕರಿಸಬಲ್ಲದಾದ್ದರಿಂದ ಕೆಸರಿನಲ್ಲಿಯೂ ಬದುಕೀತು. ಉಳಿದವುಗಳಲ್ಲಿ ಹೆಚ್ಚಿನವುಗಳಿಗೆ ಆ ಶಕ್ತಿಯಿಲ್ಲ. ವಿಶಾಲವಾದ ಹೊಳೆಯ ಮೀನುಗಳೆಲ್ಲ ಒಂದು ಹೊಂಡದಲ್ಲಿ ನೆರೆದಿರುವದರಿಂದ ಹಿಡಿಯುವವನಿಗೆ ಇದು ಸುಗ್ಗಿ. ಅಪಾಯವಿರುವದೂ ಇಲ್ಲಿಯೇ.

ಏಕೆಂದರೆ ಮುಂದಿನ ಅಧ್ಯಾಯವು ಈ ಹೊಂಡದಿಂದಲೇ ಆರಂಭವಾಗತಕ್ಕದ್ದು. ರೋಹಿಣಿ ಮಳೆಗಳು ಕಳೆದು, ಜೂನ್ ೭–೮ರ ಸುಮಾರಿಗೆ ಮೃಗಶಿರಾ, ಅಂದರೆ ನಮ್ಮ ಒಕ್ಕಲಿಗರ ಮಿರಗ, ಕೂಡುವದು. ಕಣಕುಂಬಿಯ ಕಡೆಗೆ ಮಳೆ ಹಿಡಿದು ಹೊಳೆಗೆ ಕೆಂಪಾದ ಹೊಸನೀರು ಬಂದೊಡನೆಯೇ, ಬೇಸಿಗೆಯನ್ನು ಕಳೆದು ಉಳಿದ ಮೀನುಗಳು ಸಾಲ್ಮನ್‌ಗಳಂತೆಯೇ ಪ್ರವಾಹಕ್ಕೆ ಎದುರಾಗಿ ಏರತೊಡಗುವವು. ತಂಪಾದ, ಪ್ರಾಣವಾಯುವುಳ್ಳ ಹರಿಯುವ ನೀರು ಅವುಗಳಿಗೆ ಸಂತಾನದ ಕರೆ. ರೋಹು ಜಾತಿಯ ಹೆಣ್ಣುಮೀನು ತನ್ನ ತೂಕದ ಕಿಲೋ ಒಂದಕ್ಕೆ ಲಕ್ಷಕ್ಕೂ ಮಿಕ್ಕಿ ತತ್ತಿಗಳನ್ನಿಡುವದು. ಅವು ಒಂದು ದಿನದೊಳಗಾಗಿ ಒಡೆದು ಮರಿಗಳಾಗುವವು. ಮಹಶೀರ ಎಂಬ ದೊಡ್ಡ ಹುರುಪೆಯ ಮೀನು ಕಿಲೋ ಒಂದಕ್ಕೆ ಕೆಲವು ಸಾವಿರ ತತ್ತಿಗಳನ್ನಷ್ಟೇ ಇಡುವದು. ಅದು ಅನೇಕ ಹೊಳೆಗಳಲ್ಲಿ ವಿರಳವಾಗಿರುವದಕ್ಕೆ ಇದೂ ಒಂದು ಕಾರಣ. ಹೀಗೆ, ಜ್ಯೇಷ್ಠಮಾಸದ ಮಡುವಿನಲ್ಲಿ ಹಿಡಿದ ಒಂದು ಬಸುರಿ ಮೀನಿನ ಲೆಕ್ಕವು ಒಂದೇ ಅಲ್ಲ.

“ಸರಕಾರವು ಮೀನುಮರಿಗಳನ್ನು ತಂದು ಬಿಡುವದಲ್ಲ, ಚಿಂತೆಯೇಕೆ?” ಎಂದು ಕೆಲವರು ಕೇಳಬಹುದು. ಮಾತು ಅರ್ಧ ಸತ್ಯ. ಕಟ್ಲಾ, ರೋಹು, ಮೃಗಾಲಗಳು ಗಂಗಾನದಿಯ ಸೀಮೆಯವು. ಅವು ನಿಂತ ನೀರಿನಲ್ಲಿ ತಾವಾಗಿ ಸಂತಾನವನ್ನು ಪಡೆಯವು. ಒರಿಸ್ಸಾದ ಅಂಗುಲದಲ್ಲಿ ಹೀರಾಲಾಲ ಚೌಧುರಿಯವರು ೧೯೫೭ನೆಯ ಜುಲೈ ೧೦ರಂದು, ಮೀನಿನ ಮಿದುಳಿನ ಬುಡದಲ್ಲಿರುವ ಗ್ರಂಥಿಯ ರಸವನ್ನು ಚುಚ್ಚಿ, ಈ ಜಾತಿಯ ಮೀನುಗಳು ಹೊಂಡದಲ್ಲಿಯೇ ತತ್ತಿಯಿಡುವಂತೆ ಮಾಡಿದರು. ಕೆರೆ, ಜಲಾಶಯಗಳಿಗೆ ಬೇಕಾದಷ್ಟು ಮರಿಗಳು ದೊರೆಯುವದು ಅಂದಿನಿಂದ ಸಾಧ್ಯವಾಯಿತು. ಆ ದಿವಸವನ್ನು ಈಗಲೂ ಮೀನು ಕೃಷಿಕರ ದಿನವೆಂದು ಆಚರಿಸುವರು. ಇದು ದೊಡ್ಡ ಉಪಕಾರವೇ ಸರಿ. ಆದರೂ ಬಿತ್ತಿದ ಮರಿಗಳು ಕೆಲವು ಜಾತಿಗಳವು ಮಾತ್ರ. ಹೊಳೆಯ ಸ್ವಂತ ಮೀನುಗಳಿಗೆ ಮಡುವೇ ತವರುಮನೆ. ಅಣೆಕಟ್ಟಿನ ಕೆಳಗಿನವು ಅಷ್ಟೆತ್ತರದ ಗೋಡೆಯನ್ನು ಏರಿ ಮೇಲಕ್ಕೆ ಹೋಗಲಾರವು. ಅವುಗಳಿಗೆ ಉಳಿದಿರುವದು ಕೆಳಗಿನ ಮಡು, ಹಳ್ಳಗಳಷ್ಟೇ.

ನಮ್ಮ ಪೂರ್ವಿಕರು ಈ ವಿಚಾರದಲ್ಲಿ ಅಜ್ಞರಾಗಿರಲಿಲ್ಲ. ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ, ಚಾತುರ್ಮಾಸ್ಯದ ಹುಣ್ಣಿಮೆಗಳು ಮೊದಲಾದ ದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಬಾರದು ಎಂದು ಆಜ್ಞಾಪಿಸಿರುವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಪ್ರಕರಣವೇ ಇದೆ. ಅದರಲ್ಲಿ ಸಮುದ್ರದ ಮೀನುಗಳಾವವು, ಹೊಳೆಯ ಮೀನುಗಳಾವವು, ಹುರುಪೆಯುಳ್ಳವು ಯಾವವು, ಇಲ್ಲದವು ಯಾವವು, ಯಾವುದಕ್ಕೆ ಎಂಥ ತಿನಿಸು, ಗಾಳದ ಕೋಲು, ದಾರ, ಕೊಕ್ಕೆಗಳು ಹೇಗಿರತಕ್ಕದ್ದು ಎಂಬದೆಲ್ಲ ವರ್ಣಿತವಾಗಿದೆ. ಮೀನಿನ ಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಇದನ್ನು ವಿವರಿಸಿ ಪ್ರಕಟಿಸಿದಾಗ ವಿದ್ವಾಂಸರ ದೃಷ್ಟಿಯು ಇದರ ಕಡೆಗೆ ಹರಿಯಿತು. ಸವದತ್ತಿಯನ್ನಾಳಿದ ರಟ್ಟರು ಆ ಚಾಲುಕ್ಯರ ಮಾಂಡಲಿಕರೇ. ಆದಕಾರಣ ಈ ವಿದ್ಯೆಯು ನಮಗೆ ಪರಕೀಯವಲ್ಲ. ಆ ರಾಜನು ಹೇಳಿದ ವಿನೋದದಲ್ಲಿ ಮನುಷ್ಯನು ಒಂದು ದಾರದ ತುದಿಗೆ, ಮೀನು ಇನ್ನೊಂದು ತುದಿಗೆ. ಹೊಂಡವನ್ನೇ ಬರಿದುಮಾಡುವದು ವಿನೋದವೂ ಅಲ್ಲ, ವೃತ್ತಿಯೂ ಅಲ್ಲ.

ಈಗ ನನ್ನ ಮೌನದ ಕಾರಣವನ್ನು ಹೇಳಬೇಕು. ೨೦೦೩ನೆಯ ಇಸವಿಯ ಬೇಸಿಗೆ. ಮಳೆಯಿಲ್ಲದ ವರ್ಷಗಳು ಒಂದರ ಹಿಂದೊಂದು ಬಂದು ನಾಡೇ ಬಳಲಿದ್ದಿತು. ಆಗ ನಾನು ರಾಮದುರ್ಗ ತಾಲೂಕಿನ ಹೊಳೆಸಾಲಿನ ಒಂದು ಹಳ್ಳಿಯಲ್ಲಿ ಶಿಕ್ಷಕನಾಗಿದ್ದೆನು. ಹೊಳೆಯಲ್ಲಿ ಒಂದೇ ಮಡು ಉಳಿದಿದ್ದಿತು. ಊರ ದನಗಳಿಗೆ ಅದೇ ನೀರು. ಒಂದು ಮಧ್ಯಾಹ್ನ ಏಳನೆಯ ಇಯತ್ತೆಯ ಮೂವರು ಹುಡುಗರು ಬಂದು, “ಗುರುಗಳೇ, ಬಾವಿ ಸ್ವಚ್ಛ ಮಾಡುವದಿದೆ, ಬ್ಲೀಚಿಂಗ್ ಪುಡಿ ಬೇಕು” ಎಂದರು. ಕುಡಿಯುವ ನೀರಿನ ಟಾಕಿಗೆ ಹಾಕುವ ಸಲುವಾಗಿ ತಂದ ಚೀಲವು ಶಾಲೆಯ ಕೋಣೆಯಲ್ಲಿದ್ದಿತು. ಯಾರ ಬಾವಿ, ಯಾರು ಕಳಿಸಿದರು ಎಂದು ನಾನು ಕೇಳಲಿಲ್ಲ. ಉತ್ತರಪತ್ರಿಕೆಗಳಿಂದ ತಲೆಯೆತ್ತದೆ ಕೀಲಿಕೈಯನ್ನು ಕೊಟ್ಟೆನು.

ಸಂಜೆಗೆ ಮಡುವಿನ ಮೇಲೆ ಮೀನುಗಳು ಬೆಳ್ಳಗೆ ತೇಲಿದವು. ಆ ಪುಡಿಯಲ್ಲಿಯ ಕ್ಲೋರಿನ್ನು ಮೀನಿನ ಕಿವಿರುಗಳನ್ನು ಸುಡುವದು. ದೊಡ್ಡವನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಹೋದರು. ಬೆರಳಿನಷ್ಟು ಸಣ್ಣವು, ಕಪ್ಪೆಗಳು, ಏಡಿಗಳು ದಂಡೆಯಲ್ಲಿಯೇ ಕೊಳೆತವು. ಮುಂದೆ ಎಷ್ಟೋ ದಿವಸ ಬಾಯಾರಿದ ಎಮ್ಮೆಗಳು ಸಹ ಆ ನೀರನ್ನು ಮೂಸಿ ತಿರುಗಿದವು. ಊರಲ್ಲಿ ಪಂಚರು ಕೂಡಿ ಹುಡುಗರನ್ನು ಗದರಿಸಿದರು. ಪುಡಿಯನ್ನು ಕೊಟ್ಟವನು ನಾನೆಂದು ನಾನು ಹೇಳಲಿಲ್ಲ; ಹುಡುಗರೂ ಹೇಳಲಿಲ್ಲ. ಆ ಮೂವರಲ್ಲಿ ಒಬ್ಬನೇ ಈ ಪತ್ರವನ್ನು ಬರೆದವನು.

ಊರ ಅಂಬಿಗರ ಮುದುಕನೊಬ್ಬನಿಗೆ ಮಾತ್ರ ಹೇಗೋ ತಿಳಿದಿದ್ದಿತು. ನಾಲ್ಕು ದಿನಗಳ ಮೇಲೆ ನಾನು ದಂಡೆಗೆ ಹೋದಾಗ ಅವನು ಬೋರಲು ಹಾಕಿದ ಹರಿಗೋಲಿನ ಹತ್ತರ ಕುಳಿತಿದ್ದನು. “ಅಜ್ಜಾ, ತಪ್ಪಾಯಿತು” ಎಂದೆನು. ಅವನು ಸಿಟ್ಟಾಗಲಿಲ್ಲ. “ಮಾಸ್ತರ್ರೀ, ಬ್ಯಾಸಗಿ ಮಡುವಿನ ಮೀನ ಅಂದ್ರ ಹಗೇವಿನಾಗಿನ ಬೀಜದ ಜ್ವಾಳ ಇದ್ದಂಗ್ರೀ. ಹಸಿವಾತು ಅಂತ ಅದನ್ನೂ ತಿಂದ್ರ ಮಿರಗದಾಗ ಬಿತ್ತೂದು ಏನನ್ನ?” ಎಂದಷ್ಟೇ ಅಂದನು. ಹಿಡಿಯುವದೇ ಕುಲವೃತ್ತಿಯಾದವನು ಬೀಜವನ್ನು ಕಾಯುತ್ತಿದ್ದನು. ಅಹಿಂಸೆಯ ಪಾಠವನ್ನು ಹೇಳುತ್ತಿದ್ದ ನಾನು ವಿಷದ ಕೀಲಿಕೈಯನ್ನು ಕೊಟ್ಟಿದ್ದೆನು. ಮುಂದೆ ಹಲವು ಮಳೆಗಾಲ ಆ ಮಡುವಿನಲ್ಲಿ ಅವನ ಬಲೆಗೆ ಏನೂ ಬೀಳಲಿಲ್ಲ. ಅವನು ಕೂಲಿಗೆ ಹೋಗಬೇಕಾಯಿತು.

ಇದು ಒಂದೂರಿನ ಕಥೆಯಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಾಲಯದ ಮುಂದಿನ ಹೊಳೆಯ ಮಹಶೀರಗಳನ್ನು ಭಕ್ತರು ದೇವರ ಮೀನುಗಳೆಂದು ಪಾಲಿಸುತ್ತಿದ್ದರೂ, ೧೯೯೬ರಲ್ಲಿ ದುಷ್ಟರು ವಿಷವಿಕ್ಕಿ ಅವುಗಳನ್ನು ಕೊಂದರು. ನೀರಿಗೆ ವಿಷ ಹಾಕುವದೂ, ಸಿಡಿಮದ್ದನ್ನು ಒಗೆಯುವದೂ ೧೮೯೭ನೆಯ ಮೀನುಗಾರಿಕೆಯ ಕಾಯಿದೆಯಿಂದಲೇ ಅಪರಾಧಗಳಾಗಿವೆ. ಪಶ್ಚಿಮ ಸಮುದ್ರದಲ್ಲಿ ಜೂನ್ ೧ರಿಂದ ಜುಲೈ ೩೧ರ ವರೆಗೆ, ೬೧ ದಿನ, ಯಂತ್ರದ ದೋಣಿಗಳು ದಡ ಬಿಡಕೂಡದೆಂಬ ನಿಯಮವಿದೆ. ಜಲಾಶಯಗಳಲ್ಲಿಯೂ ಮಳೆಗಾಲದ ಸಂತಾನಕಾಲದಲ್ಲಿ ಬಲೆಗೆ ವಿರಾಮವಿರುವದು. ಆದರೆ ನಿರ್ಜನವಾದ ಮಡುವಿನ ದಂಡೆಯಲ್ಲಿ ಕಾಯಿದೆಯು ನಿಂತು ಕಾಯಲಾರದು, ಕಾಯಬೇಕಾದವರು ಊರವರೇ.

“ನಾವು ಮೀನನ್ನು ತಿನ್ನುವವರಲ್ಲ, ನಮಗೇಕೆ ಈ ಉಸಾಬರಿ?” ಎಂದು ನಮ್ಮ ಅನೇಕ ಗೃಹಸ್ಥರು ಅನ್ನಬಹುದು. ನಾನೂ ತಿನ್ನುವವನಲ್ಲ. ಆದರೆ ಮೀನು ಬದುಕಲಾರದ ನೀರನ್ನು ನಮ್ಮ ದನಗಳು ಕುಡಿಯಬೇಕು. ನಮ್ಮ ಮಕ್ಕಳು ಅದರಲ್ಲಿಯೇ ಈಸಬೇಕು. ಮನೆಯ ಬ್ಲೀಚಿಂಗ್ ಪುಡಿ, ಹೊಲದ ಕೀಟನಾಶಕ ಇವು ಹುಡುಗರ ಕೈಗೆ ಸಿಗದಂತೆ ನೋಡಿಕೊಳ್ಳುವದು, ಕೇಳಿದರೆ ಯಾತಕ್ಕೆಂದು ತಿರುಗಿ ಕೇಳುವದು, ಇದು ಹಿರಿಯರೆಲ್ಲರ ಕರ್ತವ್ಯ. ತಿನ್ನುವವರಾದರೋ ಮಿರಗದ ಸುಮಾರಿಗೆ ತತ್ತಿ ತುಂಬಿದ ಹೊಳೆಮೀನನ್ನು ಕೊಳ್ಳದಿದ್ದರೆ ಸಾಕು; ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಕಡಿಮೆಯಾಗುವರು.

ಪತ್ರ ಬಂದ ಎರಡು ತಿಂಗಳಿಗೆ, ಮಿರಗದ ಮುನ್ನಾದಿನ ನಾನು ಆ ಊರಿಗೆ ಹೋಗಿ ಬಂದೆನು. ಅಜ್ಜನು ಈಗ ಇಲ್ಲ. ೨೦೧೯ನೆಯ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಮುನವಳ್ಳಿ, ರಾಮದುರ್ಗದ ಸೀಮೆಗಳ ಮನೆಮಾರುಗಳನ್ನು ಮುಳುಗಿಸಿದಳು. ಆ ಹಾವಳಿಯ ನೀರೇ ಮೇಲಿನ ಮೀನುಗಳನ್ನು ಮಡುವಿಗೆ ತಂದು ಬಿಟ್ಟಿತೆಂದು ಊರವರು ಹೇಳಿದರು. ಮುಳುಗಿಸಿದ ಕೈಯೇ ಬಿತ್ತಿಯೂ ಹೋಗಿತ್ತು. ಈಗ ಅಜ್ಜನ ಮೊಮ್ಮಗನು ರೋಹಿಣಿ ಮಳೆಯಿಂದ ನಾಗರಪಂಚಮಿಯ ವರೆಗೆ ಅಲ್ಲಿ ಬಲೆ ಬೀಸುವದಿಲ್ಲ. ಬೀಸಲು ಬಂದವರಿಗೆ ಅಜ್ಜನ ಮಾತನ್ನೇ ಹೇಳುವನು. ನಾನು ಚಾವಡಿಯಲ್ಲಿ ಕುಳಿತ ನಾಲ್ಕು ಜನರ ಮುಂದೆ, ಅಂದು ಕೀಲಿಕೈಯನ್ನು ಕೊಟ್ಟವನು ನಾನೇ ಎಂಬ ಮಾತನ್ನು ಆಡಿಬಿಟ್ಟೆನು. ಒಬ್ಬರು ನಕ್ಕರು, ಒಬ್ಬರು, “ಇರಲಿ ಬಿಡ್ರಿ ಗುರುಗಳ, ಚಹಾ ತಗೋರಿ” ಎಂದರು.

ಮರುದಿನ ನಸುಕಿನಲ್ಲಿ ದಂಡೆಗೆ ಹೋಗಿ ನಿಂತೆನು. ನೀರು ಇನ್ನೂ ಕೆಂಪಾಗಿರಲಿಲ್ಲ. ಮಡುವಿನ ನಡುವೆ ಒಂದು ಮೀನು ಮೇಲೆದ್ದು ಬಾಯಿ ತೆರೆದು ಮುಳುಗಿತು. ಸುತ್ತಲೂ ಬಳೆಯಂತೆ ತೆರೆ ಹರಡಿತು. ಮನೆಗೆ ಬಂದು ನನ್ನ ವಿದ್ಯಾರ್ಥಿಗೆ ಬರೆದೆನು: “ಚಿರಂಜೀವಿ, ಇವೆ. ಇನ್ನೂ ಎಣಿಸುವಷ್ಟೇ ಇರಬಹುದು. ಸೂಟಿಗೆ ಬಂದಾಗ ನಾವಿಬ್ಬರೂ ಹೋಗಿ ಎಣಿಸೋಣ.”