ನದಿ, ಕೆರೆ, ವೀರಗಲ್ಲು: ಮುಂಡರಗಿ ಸೀಮೆಯ ನಡಿಗೆಯ ದಾರಿ

ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳ ಬಿಳಿಯ ರೆಕ್ಕೆಗಳು ತಿರುಗುತ್ತವೆ. ಗುಡ್ಡದ ಬುಡದಿಂದ ಹೊರಟ ನೆಲ ಅವಸರವಿಲ್ಲದೆ ತಗ್ಗುತ್ತ, ಎರೆಹೊಲಗಳನ್ನು ದಾಟಿ, ಕೊನೆಗೆ ತುಂಗಭದ್ರೆಯ ತಟದಲ್ಲಿ ವಿರಮಿಸುತ್ತದೆ. ಈ ಇಳಿಜಾರಿನ ನಡುವೆ ನಿಂತ ಊರು ಮುಂಡರಗಿ. ಏದುಸಿರು ಬರಿಸುವ ಏರುಗಳಿಲ್ಲ, ಕಾಲು ಜಾರಿಸುವ ಕಣಿವೆಗಳಿಲ್ಲ. ಹಿಂಗಾರಿನ ದಿನಗಳಲ್ಲಿ ಜೋಳ, ಕಡಲೆ, ಕುಸುಬೆಗಳ ನಡುವಿನ ಬಂಡಿದಾರಿ ಹಿಡಿದರೆ ಮಕ್ಕಳೂ ಮುದುಕರೂ ಜೊತೆಯಾಗಿ ನಡೆಯಬಹುದಾದ ಭೂಮಿ. ಈ ಸೌಮ್ಯ ಭೂಮಿಯ ಒಡಲಲ್ಲಿ ಎಂಟು ಶತಮಾನಗಳ ಯುದ್ಧಸ್ಮೃತಿ ಅಡಗಿದೆ. ಅದನ್ನು ಕಾಣಲು ವಾಹನದ ವೇಗ ಒದಗುವುದಿಲ್ಲ, ಕಾಲ್ನಡಿಗೆಯೇ ಬೇಕು.

ಫ್ರಾನ್ಸಿನ ಸೊಮ್ ನದಿಯ ಕಣಿವೆಗೆ ಪ್ರತಿವರ್ಷ ಜಗತ್ತಿನ ನಾನಾ ಮೂಲೆಗಳಿಂದ ಜನ ನಡೆಯಲೆಂದೇ ಹೋಗುತ್ತಾರೆ. ಉರುವಲಿಗಾಗಿ ಜವುಗು ಮಣ್ಣನ್ನು ಅಗೆದ ಕುಳಿಗಳಲ್ಲಿ ನೀರು ನಿಂತು ರೂಪುಗೊಂಡ ಕೊಳಗಳು, ಅವುಗಳ ದಂಡೆಯ ಕಾಲುದಾರಿ, ದಾರಿಯುದ್ದಕ್ಕೂ 1916ರ ಮಹಾಯುದ್ಧದಲ್ಲಿ ಮಡಿದವರ ಸಮಾಧಿಗಳು. ಥಿಯೆಪ್ವಾಲ್ ಸ್ಮಾರಕವೊಂದರಲ್ಲಿಯೇ ದೇಹವೂ ಸಿಗದ 72,000ಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಅಲ್ಲಿಂದ ಉತ್ತರಕ್ಕೆ, ನವ್ ಶಪೆಲ್‌ನಲ್ಲಿ, 4,700ಕ್ಕೂ ಮೀರಿದ ಭಾರತೀಯ ಸೈನಿಕರ ಸ್ಮಾರಕವಿದೆ. ನಮ್ಮ ನಾಡಿನಲ್ಲಿಯೂ ಅಂಥ ಒಂದು ಜಾಗ ಪ್ರಸಿದ್ಧ: ಕಾವೇರಿ ಬಳಸಿ ಹರಿಯುವ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ. ಅಲ್ಲಿನ ಮುನ್ನೂರಕ್ಕೂ ಹೆಚ್ಚು ಗೋರಿಗಳಲ್ಲಿ ಕಂಪನಿಯ ಪರವಾಗಿ ಟಿಪ್ಪುವಿನ ಮೇಲೆ ಬಂದ ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರೂ ಮಲಗಿದ್ದಾರೆ.

ಆ ಸ್ಮಶಾನಗಳು ಗೆದ್ದ ಸರಕಾರಗಳು ಕಟ್ಟಿಸಿದವು. ಬೇಲಿಯಿದೆ, ಹುಲ್ಲುಹಾಸಿದೆ, ಕಾವಲುಗಾರರಿದ್ದಾರೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ ಸೀಮೆಯ ಯುದ್ಧಸ್ಮಾರಕಗಳಿಗೆ ಇವೊಂದೂ ಇಲ್ಲ. ಸತ್ತವನ ಊರಿನವರೇ, ಅವನ ಬಂಧುಗಳೇ ನಿಲ್ಲಿಸಿದ ಕಲ್ಲುಗಳಿವು: ಅಗಸಿಯ ಬಾಗಿಲಲ್ಲಿ, ಹನುಮಪ್ಪನ ಗುಡಿಯ ಮಗ್ಗುಲಲ್ಲಿ, ಕೆರೆಯ ಏರಿಯ ಬುಡದಲ್ಲಿ. ಇವೇ ವೀರಗಲ್ಲುಗಳು.

ಒಂದು ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಬೇಕು. ಕೆಳಗಿನಿಂದ ಮೇಲಕ್ಕೆ ಓದುವ ಶಿಲ್ಪವಿದು. ತಳದ ಪಟ್ಟಿಕೆಯಲ್ಲಿ ಕಾಳಗ: ಒಬ್ಬನ ಕೈಯಲ್ಲಿ ಬಿಲ್ಲು, ಇನ್ನೊಬ್ಬನದು ಕತ್ತಿ ಗುರಾಣಿ, ಅಂಚಿನಲ್ಲಿ ಕೊಂಬು ಬಾಗಿಸಿ ನಿಂತ ದನಗಳ ಸಾಲು. ದನವಿದ್ದರೆ ಅದು ತುರುಗೋಳಿನ ಕಥೆ. ಹಟ್ಟಿಯ ಹಸುಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ ಸತ್ತವನ ಕಲ್ಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ನೆತ್ತಿಯ ಪಟ್ಟಿಕೆಯಲ್ಲಿ ಶಿವಲಿಂಗ, ನಂದಿ, ಪೂಜಾರಿ, ಕೈಮುಗಿದ ವೀರ. ಎರಡು ಬದಿಗೆ ಸೂರ್ಯ ಚಂದ್ರರು. ನಾಲ್ಕು ಅಡಿ ಎತ್ತರದ ಕಲ್ಲಿನಲ್ಲಿ ಮಣ್ಣಿನಿಂದ ಕೈಲಾಸದವರೆಗಿನ ಯಾತ್ರೆ ಮುಗಿದಿರುತ್ತದೆ. ಹಲವು ಕಲ್ಲುಗಳ ಪಟ್ಟಿಕೆಗಳ ನಡುವೆ ಹಳಗನ್ನಡದ ಸಾಲುಗಳಿರುತ್ತವೆ: ಆಳುವ ದೊರೆ, ಶಕವರ್ಷ, ಸತ್ತವನ ಹೆಸರು, ಕಲ್ಲು ನಿಲ್ಲಿಸಿದವನ ಹೆಸರು. ಸಾಮಾನ್ಯ ಕಾಲಾಳಿನ ಹೆಸರನ್ನು ಸಾವಿರ ವರ್ಷ ಉಳಿಸುವ ಈ ಔದಾರ್ಯ ಪ್ರಾಚೀನ ಜಗತ್ತಿನಲ್ಲಿ ವಿರಳ. ಕರ್ನಾಟಕದಲ್ಲಿ ಅದು ನಾಯಿಗೂ ಸಂದಿದೆ. ಮದ್ದೂರು ಬಳಿಯ ಆತಕೂರಿನ ಹತ್ತನೆಯ ಶತಮಾನದ ಕಲ್ಲು ಹಂದಿಯೊಡನೆ ಸೆಣಸಿ ಸತ್ತ ಕಾಳಿಯೆಂಬ ಬೇಟೆನಾಯಿಯದು.

ಈ ಭಾಗದಲ್ಲಿ ಇಷ್ಟೊಂದು ಕಾಳಗಗಳೇಕೆ ನಡೆದವು? ನೆಲ ಫಲವತ್ತಾದುದು, ದಾರಿ ಸುಗಮವಾದುದು. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂಬ ಜೋಡಿನಾಡುಗಳು ರಾಷ್ಟ್ರಕೂಟರಿಗೂ ಕಲ್ಯಾಣದ ಚಾಲುಕ್ಯರಿಗೂ ಕಣಜಗಳಾಗಿದ್ದವು. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಹನ್ನೆರಡನೆಯ ಶತಮಾನದ ಅಂತ್ಯಕ್ಕೆ ಚಾಲುಕ್ಯ ಸಾಮ್ರಾಜ್ಯ ಕುಸಿದಾಗ ದಕ್ಷಿಣದಿಂದ ಹೊಯ್ಸಳರೂ ಉತ್ತರದಿಂದ ಸೇವುಣರೂ ಇದೇ ನೆಲಕ್ಕೆ ಕೈಚಾಚಿದರು. 1190ರ ಸುಮಾರಿಗೆ ಕಪ್ಪತಗುಡ್ಡದ ಮಡಿಲಿನ ಸೊರಟೂರಿನಲ್ಲಿ ಇಮ್ಮಡಿ ವೀರಬಲ್ಲಾಳ ಸೇವುಣರ ಐದನೆಯ ಭಿಲ್ಲಮನ ಸೈನ್ಯವನ್ನು ಮುರಿದ. ಗೆದ್ದ ದೊರೆ ಲಕ್ಕುಂಡಿಯಲ್ಲಿ ನೆಲೆಯೂರಿದ, ಗದಗಿನ ತ್ರಿಕೂಟೇಶ್ವರನಿಗೆ ದತ್ತಿ ಬಿಟ್ಟ. ಇಂದು ಸೊರಟೂರಿನ ಹೊಲದಲ್ಲಿ ನಿಂತವನಿಗೆ ಆ ಮಹಾಯುದ್ಧದ ಸುಳಿವು ಕೊಡುವ ಒಂದು ಫಲಕವೂ ಇಲ್ಲದಿರುವುದು ಖೇದಕರ.

ದೇವಾಲಯ, ಕೆರೆ, ವೀರಸ್ಮೃತಿ ಮೂರೂ ಒಂದೇ ಕಡೆ ಸೇರುವ ತಾಣ ಡಂಬಳ. ಗದಗ ಮುಂಡರಗಿ ಹೆದ್ದಾರಿಯಲ್ಲಿ ಗದಗಿನಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಈ ಊರು ಶಾಸನಗಳಲ್ಲಿ ಧರ್ಮವೊಳಲು. 1095ರ ಶಾಸನವೊಂದು ಇಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ಆರ್ಯತಾರಾದೇವಿಯ ಆರಾಧನೆಯನ್ನೂ ದಾಖಲಿಸುತ್ತದೆ. ದಖ್ಖನಿನಲ್ಲಿ ಬೌದ್ಧಧರ್ಮದ ದೀಪ ಆರುತ್ತಿದ್ದ ಕಾಲದಲ್ಲಿ ಅದಕ್ಕೆ ಎಣ್ಣೆಯೆರೆದ ವರ್ತಕರ ಪಟ್ಟಣವಿದು. ಇಲ್ಲಿನ ದೊಡ್ಡಬಸಪ್ಪನ ಗುಡಿ ಚಾಲುಕ್ಯ ವಾಸ್ತುವಿನ ಪರಮಾಶ್ಚರ್ಯಗಳಲ್ಲೊಂದು. ಒಂದೇ ಕೇಂದ್ರದ ಸುತ್ತ ಆರು ಚೌಕಗಳನ್ನು ಹದಿನೈದು ಹದಿನೈದು ಡಿಗ್ರಿ ತಿರುಗಿಸಿದರೆ 24 ಮೂಲೆಗಳ ನಕ್ಷತ್ರ ಮೂಡುತ್ತದೆ. ಆ ನಕ್ಷತ್ರವೇ ಗರ್ಭಗುಡಿಯ ಹೊರಗೋಡೆಯ ರೇಖೆ. ಇತರ ಹಲವು ನಕ್ಷತ್ರಾಕಾರದ ಗುಡಿಗಳಲ್ಲಿ ದಿಕ್ಕುದಿಕ್ಕಿಗೆ ಚಪ್ಪಟೆ ಗೋಡೆಯೊಂದು ಬಂದು ರೇಖೆಯನ್ನು ತಡೆಯುತ್ತದೆ. ಇಲ್ಲಿ ತಡೆಯಿಲ್ಲ. ಬೆಳಗಿನ ಬಿಸಿಲಲ್ಲಿ ಸುತ್ತು ಬಂದರೆ ಹೆಜ್ಜೆಗೊಂದರಂತೆ ನೆರಳು ಬೆಳಕಿನ ಏಣು ಸರಿಯುತ್ತ ಹೋಗುತ್ತದೆ. ಕೋನಮಾಪಕವಿಲ್ಲದೆ ಹಗ್ಗ, ಗೂಟಗಳಿಂದ ಈ ಲೆಕ್ಕ ಸಾಧಿಸಿದ ಸ್ಥಪತಿಗೆ ಬೇಲೂರಿನ ಶಿಲ್ಪಿಗಳಿಗೆ ಸಲ್ಲುವಷ್ಟೇ ಗೌರವ ಸಲ್ಲಬೇಕು. ಸಂದಿಲ್ಲವೆಂಬುದು ಬೇರೆ ಮಾತು. ಊರಿನ ಜಪದಬಾವಿ, ಮೆಟ್ಟಿಲುಗಳ ಸುತ್ತ ಜಪಕ್ಕೆ ಕೂರಲು ಪುಟ್ಟ ಗೂಡುಗಳನ್ನು ಬಿಡಿಸಿದ ಪುಷ್ಕರಣಿ, ಮನೆಮಂದಿಯೆಲ್ಲ ಅರ್ಧ ಗಂಟೆ ಕಳೆಯಬೇಕಾದ ಜಾಗ.

ಊರ ಹೊರಗಿನ ವಿಶಾಲ ಜಲರಾಶಿಗೆ ಜನ ಹೇಳುವ ಹೆಸರು ವಿಕ್ಟೋರಿಯಾ ಮಹಾರಾಣಿ ಕೆರೆ. ಚರಿತ್ರೆಯ ವಿನೋದ ನೋಡಿ: ರಾಣಿಯ ಹೆಸರಿನ ಕೆರೆಯಿರುವ ಇದೇ ಡಂಬಳದಲ್ಲಿ, 1858ರ ಮೇ ತಿಂಗಳ ಕೊನೆಯ ವಾರ, ಇಂಗ್ಲಿಷರ ಖಜಾನೆ ಬಂಡುಕೋರರ ಪಾಲಾಯಿತು.

ಆ ಬಂಡಾಯದ ನಾಯಕ ಮುಂಡರಗಿ ಭೀಮರಾವ್. ಬ್ರಿಟಿಷ್ ಆಡಳಿತದಲ್ಲಿಯೇ ಅಧಿಕಾರಿಯಾಗಿದ್ದು, ಅದರ ಒಳಹೊರಗನ್ನೆಲ್ಲ ಬಲ್ಲವನು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಮನೆಮನೆಯ ಕತ್ತಿ, ಕೋವಿಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂದು ವಿಧಿಸಿದಾಗ ಉತ್ತರ ಕರ್ನಾಟಕದ ದೇಸಾಯಿಗಳೂ ನಾಡಗೌಡರೂ ಬೇಡರೂ ಒಳಗೊಳಗೇ ಕುದಿದರು. ನರಗುಂದದ ದೊರೆ ಬಾಬಾಸಾಹೇಬನೊಡನೆ ಸಂಚು ಹೆಣೆಯಲಾಯಿತು. ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಕೆಂಚನಗೌಡನ ವಾಡೆ ಶಸ್ತ್ರಗಳ ಗುಪ್ತ ಭಂಡಾರವಾಯಿತು. ಅದು ಅಧಿಕಾರಿಗಳ ಕಣ್ಣಿಗೆ ಬಿದ್ದದ್ದೇ ಬಂಡಾಯ ನಿಗದಿಯಾದ ಹೊತ್ತಿಗಿಂತ ಮೊದಲೇ ಸಿಡಿಯಲು ಕಾರಣ. ಡಂಬಳದ ಖಜಾನೆಯನ್ನು ಕೈವಶಮಾಡಿಕೊಂಡ ದಂಡು ನೇರ ಕೊಪ್ಪಳದ ಕೋಟೆ ಹೊಕ್ಕಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬನ ಪಡೆ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ತಲೆ ಕತ್ತರಿಸಿತು. ಜೂನ್ 1ರಂದು ಮೇಜರ್ ಹ್ಯೂಸನ ಸೈನ್ಯ ಕೊಪ್ಪಳದ ಕೋಟೆಯನ್ನು ಭೇದಿಸಿತು. ಭೀಮರಾವ್ ಮತ್ತು ಕೆಂಚನಗೌಡ ಇಬ್ಬರೂ ಅಲ್ಲಿಯೇ ಹೋರಾಡುತ್ತ ಮಡಿದರು. ಹನ್ನೆರಡು ದಿನ ಕಳೆಯುವಷ್ಟರಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಮೂರು ವಾರವೂ ತುಂಬದ ಈ ದಂಗೆ ಝಾನ್ಸಿ, ಲಖನೌಗಳ ಕಥೆಯಷ್ಟು ಪಠ್ಯಪುಸ್ತಕದಲ್ಲಿ ಜಾಗ ಪಡೆಯಲಿಲ್ಲ. ಮುಂಡರಗಿಯ ಜನ ಮಾತ್ರ ಭೀಮರಾಯನನ್ನು ಮನೆಯ ಹಿರಿಯನಂತೆ ನೆನೆಯುತ್ತಾರೆ.

ಹಮ್ಮಿಗಿಗೆ ಇಂದು ಬರುವವರು ಹೆಚ್ಚಾಗಿ ಬ್ಯಾರೇಜು ನೋಡಲು ಬರುವವರು. ಸಿಂಗಟಾಲೂರು ಏತ ನೀರಾವರಿ ಯೋಜನೆಗಾಗಿ ಕಟ್ಟಿದ ಈ ಒಡ್ಡಿನ ಹಿಂದೆ ತುಂಗಭದ್ರೆ ಹಿಗ್ಗಿ ಸರೋವರವಾಗಿದ್ದಾಳೆ. ಈ ಹರವಿನ ಹಿಂದೆ ನೋವಿದೆ; ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳಗಳ ಜನ ತಮ್ಮ ಮನೆ, ಅಂಗಳ ಬಿಟ್ಟು ಏಳಬೇಕಾದದ್ದು ಈ ನೀರಿಗಾಗಿ. ಗದಗ ಬೆಟಗೇರಿ ಅವಳಿನಗರದ ಬಾಯಾರಿಕೆ ತೀರುವುದೂ ತುಂಗಭದ್ರೆಯಿಂದಲೇ. ದಂಡೆಗುಂಟ ನಡೆದರೆ ಸಿಂಗಟಾಲೂರಿನ ವೀರಭದ್ರೇಶ್ವರನ ಗುಡ್ಡ ಸಿಗುತ್ತದೆ. ಮೇಲೆ ಹತ್ತಿ ನಿಂತರೆ ಆಚೆ ದಡದ ಹೂವಿನಹಡಗಲಿ ಸೀಮೆಯವರೆಗೂ ಕಣ್ಣಿಗೆ ತಡೆಯಿಲ್ಲ. ಕೊರ್ಲಹಳ್ಳಿಯ ಸೇತುವೆಯ ಮೇಲೆ ನಿಂತು ನದಿಯನ್ನು ನೋಡುವುದೂ ಒಂದು ಭಾಗ್ಯ. ಮುಂಗಾರಿನಲ್ಲಿ ಕೆಂಪು ಕೆಸರು ನೀರು ಭೋರ್ಗರೆದರೆ, ಚಳಿಗಾಲದಲ್ಲಿ ಬಂಡೆಗಳ ನಡುವೆ ತಿಳಿಯಾಗಿ ಕವಲೊಡೆಯುತ್ತದೆ.

ನಡಿಗೆಯ ಉತ್ಸಾಹ ಇನ್ನೂ ಉಳಿದವರಿಗೆ ಪಶ್ಚಿಮದಲ್ಲಿ ಮಾಗಡಿ ಕೆರೆಯಿದೆ. ಲಕ್ಷ್ಮೇಶ್ವರ ಗದಗ ನಡುವಿನ ಈ ಕೆರೆಗೆ ನವೆಂಬರಿನಿಂದ ಮಾರ್ಚಿನವರೆಗೆ ಮಂಗೋಲಿಯಾದ ಕಡೆಯಿಂದ, ಹಿಮಾಲಯವನ್ನು ದಾಟಿ, ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇದು, ಹೊತ್ತೇರುವಷ್ಟರಲ್ಲಿ ಗುಂಪುಗುಂಪಾಗಿ ನೀರಿಗೆ ಮರಳುವ ಆ ಕೂಗನ್ನು ಕೇಳಿದವರು ಮರೆಯುವುದಿಲ್ಲ. 2024ರಲ್ಲಿ ಈ ಕೆರೆಗೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಕಪ್ಪತಗುಡ್ಡಕ್ಕೆ 2019ರಲ್ಲಿ ವನ್ಯಜೀವಿಧಾಮದ ಸ್ಥಾನ ಬಂದಿದೆ. ಅದೂ ಸುಲಭವಾಗಿ ದಕ್ಕಲಿಲ್ಲ. 2015ರಲ್ಲಿ ಕೊಟ್ಟ ಸಂರಕ್ಷಿತ ಪ್ರದೇಶದ ಪಟ್ಟವನ್ನು ಸರಕಾರ ಹಿಂಪಡೆದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನ ಬೀದಿಗಿಳಿದರು. ಅದಕ್ಕೂ ಮೊದಲು ಹಳ್ಳಿಗುಡಿಯ ರೈತರ ವಿರೋಧಕ್ಕೆ ಪೋಸ್ಕೋ ಉಕ್ಕಿನ ಕಾರ್ಖಾನೆ ಹಿಂದೆ ಸರಿದಿತ್ತು.

ಹಕ್ಕಿಗೆ, ಗುಡ್ಡಕ್ಕೆ ಸಿಕ್ಕ ರಕ್ಷಣೆ ವೀರಗಲ್ಲುಗಳಿಗೆ ಸಿಕ್ಕಿಲ್ಲ. ಲಕ್ಕುಂಡಿಯ ವಸ್ತುಸಂಗ್ರಹಾಲಯ ಸೇರಿದ ಕೆಲವು ಕಲ್ಲುಗಳು ಪುಣ್ಯಮಾಡಿದವು. ಹಳ್ಳಿಗಳಲ್ಲಿ ಉಳಿದವುಗಳಲ್ಲಿ ಒಂದಕ್ಕೆ ಎಣ್ಣೆ ಕುಂಕುಮದ ಪೂಜೆ, ಇನ್ನೊಂದಕ್ಕೆ ಬಟ್ಟೆ ಒಗೆಯುವ ಸೇವೆ. ಮತ್ತೊಂದು ರಸ್ತೆ ಅಗಲವಾದಾಗ ಮಣ್ಣಿನಡಿ ಸೇರುತ್ತದೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಆರ್. ಶೇಷಶಾಸ್ತ್ರಿ, ಎಸ್. ಶೆಟ್ಟರ್ ಮೊದಲಾದ ವಿದ್ವಾಂಸರು ಊರೂರು ಅಲೆದು ಕಲ್ಲುಗಳನ್ನು ಓದಿ ಗ್ರಂಥಸ್ಥಗೊಳಿಸಿದರು. ಅವರ ಶ್ರಮ ಗ್ರಂಥಾಲಯದಲ್ಲಿ ಸುರಕ್ಷಿತವಾಗಿದೆ, ಕಲ್ಲುಗಳು ಬಯಲಿನಲ್ಲಿವೆ.

ಡಂಬಳ, ಮುಂಡರಗಿ, ಹಮ್ಮಿಗಿ, ಸಿಂಗಟಾಲೂರುಗಳನ್ನು ಜೋಡಿಸುವ ಗುರುತಿನ ಕಾಲುದಾರಿಯೊಂದನ್ನು ರೂಪಿಸಲು ಕೋಟಿಗಟ್ಟಲೆ ಹಣ ಬೇಕಿಲ್ಲ. ಬಂಡಿದಾರಿಗಳು ಈಗಾಗಲೇ ಇವೆ. ಬೇಕಾದದ್ದು ದಿಕ್ಕು ತೋರುವ ಕಂಬಗಳು, ಕಲ್ಲಿನ ಬರಹವನ್ನು ಹೊಸಗನ್ನಡದಲ್ಲಿ ಹೇಳುವ ಫಲಕಗಳು, ಭೀಮರಾಯ ಕೆಂಚನಗೌಡರ ಕಥೆಯನ್ನು ಅದು ನಡೆದ ಊರಿನಲ್ಲಿಯೇ ಹೇಳುವ ಒಂದು ಕೋಣೆ. ಜಿಲ್ಲಾಡಳಿತ, ಪುರಾತತ್ತ್ವ ಇಲಾಖೆ, ಪ್ರವಾಸೋದ್ಯಮ ಇಲಾಖೆ ಒಂದೇ ಮೇಜಿಗೆ ಬಂದರೆ ಸಾಕು.

ಅಲ್ಲಿಯವರೆಗೂ ಕಾಯದೆ ಹೊರಡುವವರು ನವೆಂಬರಿನಿಂದ ಫೆಬ್ರವರಿಯೊಳಗಿನ ದಿನ ಆರಿಸಿಕೊಳ್ಳಿ, ಬಿಸಿಲೇರುವ ಮೊದಲು ಡಂಬಳದಿಂದ ಆರಂಭಿಸಿ. ಅಕ್ಷರ ಕಾಣಲೆಂದು ವೀರಗಲ್ಲಿಗೆ ಸುಣ್ಣ, ಬಣ್ಣ, ಸೀಮೆಸುಣ್ಣ ಹಚ್ಚಬೇಡಿ. ಓರೆಯಾಗಿ ಟಾರ್ಚಿನ ಬೆಳಕು ಬಿಟ್ಟರೆ ಓದಲು ಬರುತ್ತದೆ. ಕಲ್ಲೇನಾದರೂ ಚರಂಡಿಯಲ್ಲೋ ತಿಪ್ಪೆಯಲ್ಲೋ ಕಂಡರೆ ಚಿತ್ರ ತೆಗೆದು, ಊರಿನ ಗ್ರಾಮ ಪಂಚಾಯ್ತಿಗೂ ಪುರಾತತ್ತ್ವ ಇಲಾಖೆಗೂ ಬರೆದು ತಿಳಿಸಿ.